ಹತ್ತು ನಿಮಿಷಕ್ಕೊಂದು ಚಿತ್ರ

ಬೆನ್ನು ತುರಿಸಿಕೊಳ್ಳುವುದು ಅಪರಾಧವಲ್ಲ. ಆದರೂ ಯಾರೋ ನೋಡುತ್ತಿದ್ದಾರೆಂದು ಅನ್ನಿಸಿದೊಡನೆ ಬೆನ್ನಿಗೆ ಹೊರಟ ಕೈ ಅರ್ಧದಾರಿಯಲ್ಲಿ ನಿಂತು, ತಾನು ಅಂಗಿಯ ಕಾಲರನ್ನು ಸರಿಪಡಿಸಲೆಂದೇ ಹೊರಟಿದ್ದೆನೆಂಬಂತೆ ನಟಿಸುತ್ತದೆ. ಈ ಪುಟ್ಟ ಕಪಟನಾಟಕವನ್ನು ನಾನು ಐವತ್ತೆರಡು ವರ್ಷ ಆಡಿಕೊಂಡು ಬಂದಿದ್ದೆನಾದರೂ, ಅದರ ಬಗ್ಗೆ ಗಂಭೀರವಾಗಿ ಯೋಚಿಸುವ ಸಂದರ್ಭ ಒದಗಿದ್ದು ನಮ್ಮ ಕಚೇರಿಯ ಕಂಪ್ಯೂಟರುಗಳ ಒಳಗೆ ಒಂದು ಕಣ್ಣು ಬಂದು ಕುಳಿತ ಮೇಲೆ. ಆ ಕಣ್ಣಿಗೆ ಕಾಣುವುದು ಪರದೆ ಮಾತ್ರ, ನನ್ನ ಬೆನ್ನಲ್ಲ ಎಂದು ಗೊತ್ತಿದ್ದರೂ ಮೊದಲ ಒಂದು ವಾರ ನಾನು ತುರಿಕೆಯನ್ನು ತಡೆದುಕೊಂಡೇ ದುಡಿದೆ. ಓದುಗರೇ, ಅಂಥ ಶಿಸ್ತನ್ನು ನನ್ನಲ್ಲಿ ನಮ್ಮಪ್ಪನಿಗೂ ಮೂಡಿಸಲಾಗಿರಲಿಲ್ಲ.

ಇದು ಹತ್ತು ವರ್ಷದ ಹಿಂದಿನ ಮಾತು. ನಾನು ಬನಹಟ್ಟಿಯಲ್ಲಿ ಮಲ್ಲಪ್ಪ ಸಾವುಕಾರರ ಸೀರೆ ಕಚೇರಿಯಲ್ಲಿ ಪತ್ರವ್ಯವಹಾರದ ಗುಮಾಸ್ತ. ಸಾವುಕಾರರು ಊರಿನ ನೇಕಾರರಿಗೆ ನೂಲನ್ನೂ ವಿನ್ಯಾಸವನ್ನೂ ಕೊಟ್ಟು ಸೀರೆ ನೇಯಿಸಿ ಸೊಲ್ಲಾಪುರ, ಕೊಲ್ಹಾಪುರಗಳ ಅಂಗಡಿಗಳಿಗೆ ಕಳಿಸುತ್ತಿದ್ದರು. ಕೆಳಗೆ ಕಚೇರಿ, ಮೇಲೆ ಅವರ ಮನೆ. ಸುತ್ತ ನಾಲ್ಕೂ ದಿಕ್ಕಿನಿಂದ ಮಗ್ಗಗಳ ಸದ್ದು. ಅದಕ್ಕೆ ನಾವು ಎಷ್ಟು ಒಗ್ಗಿದ್ದೆವೆಂದರೆ ಕರೆಂಟು ಹೋಗಿ ಮಗ್ಗ ನಿಂತಾಗ ಮಾತ್ರ ಬೆಚ್ಚಿ ಬೀಳುತ್ತಿದ್ದೆವು. ಕಚೇರಿಯಲ್ಲಿ ಮೂವರು, ಮೂರು ಕಂಪ್ಯೂಟರು. ನನ್ನದರಲ್ಲಿ ಪತ್ರಗಳು. ಎರಡನೆಯದರಲ್ಲಿ ಹಿಪ್ಪರಗಿಯಿಂದ ದಿನಾ ಬೈಕಿನಲ್ಲಿ ಬರುವ ಬೀರಪ್ಪ. ಸೀರೆಯ ಗಂಟುಗಳನ್ನು ಲಾರಿಗೆ ಹತ್ತಿಸುವುದು, ತಲುಪಿದವೋ ಇಲ್ಲವೋ ನೋಡುವುದು ಅವನ ಕೆಲಸ. ಮೂರನೆಯದು ಕಸ್ತೂರಿಯದು. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು, ರಬಕವಿಯ ಸೊಸೆ, ಗಂಡ ನೇಕಾರ. ಸೀರೆಯ ಅಂಚನ್ನು, ನಮ್ಮ ಕಡೆ ಹೇಳುವಂತೆ ದಡಿಯನ್ನು, ಪರದೆಯ ಮೇಲೆ ಚೌಕ ಚೌಕವಾಗಿ ಬಿಡಿಸುವವಳು ಅವಳು. ಕಚೇರಿಯಲ್ಲಿ ನಿಜವಾದ ಕೆಲಸ ಬರುತ್ತಿದ್ದುದು ಅವಳೊಬ್ಬಳಿಗೇ. ಉಳಿದಿಬ್ಬರು ಅವಳು ಬಿಡಿಸಿದ್ದನ್ನು ಹೊಗಳಿ ಪತ್ರ ಬರೆಯುವವನು ಮತ್ತು ಹೊತ್ತು ಸಾಗಿಸುವವನು.

ಆ ವರ್ಷ ಕಸ್ತೂರಿ ಜೋಡಿ ಹಂಸದ ದಡಿಯೊಂದನ್ನು ಬಿಡಿಸಿದ್ದಳು. ಒಂದು ಹಂಸ ಮುಂದೆ ನೋಡುತ್ತಿದ್ದರೆ ಇನ್ನೊಂದು ಕತ್ತು ಹಿಂದಕ್ಕೆ ತಿರುಗಿಸಿ ಏನೋ ಮರೆತಂತೆ ನಿಂತಿತ್ತು. ನಮ್ಮ ಸೀರೆ ಪೇಟೆಗೆ ಹೋಗುವ ಮೊದಲೇ ಮುಧೋಳದ ವ್ಯಾಪಾರಿಯೊಬ್ಬನ ಅಂಗಡಿಯಲ್ಲಿ ಅದೇ ಹಂಸ, ಅದೇ ಕತ್ತು, ಅದೇ ಮರೆವು. ಸಾವುಕಾರರು ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ಹುಬ್ಬಳ್ಳಿಯಿಂದ ಬೋಳುತಲೆಯ, ದಪ್ಪ ಮೀಸೆಯ ಗೃಹಸ್ಥನೊಬ್ಬನನ್ನು ಕರೆಸಿದರು. ಅವನು ಮೂರೂ ಕಂಪ್ಯೂಟರುಗಳ ಒಳಹೊಕ್ಕು ಏನೇನೋ ಮಾಡಿ, ಕೈ ಒರೆಸಿಕೊಂಡು ಘೋಷಿಸಿದ: ಇನ್ನು ಹತ್ತು ನಿಮಿಷಕ್ಕೊಮ್ಮೆ ಪ್ರತಿ ಪರದೆಯ ಒಂದೊಂದು ಚಿತ್ರ ಸಾವುಕಾರರ ಕಂಪ್ಯೂಟರಿಗೆ ಹೋಗುತ್ತದೆ, ಯಾರು ಎಷ್ಟು ಹೊತ್ತು ಕೀಲಿ ಒತ್ತಿದರು, ಎಷ್ಟು ಹೊತ್ತು ಸುಮ್ಮನಿದ್ದರು, ಯಾರಿಗೆ ಏನು ಕಳಿಸಿದರು ಎಲ್ಲವೂ ವರದಿಯಾಗುತ್ತದೆ.

ಒಂದೇ ತೊಡಕು, ವರದಿ ಇಂಗ್ಲಿಷಿನಲ್ಲಿ ಬರುತ್ತಿತ್ತು. ಸಾವುಕಾರರು ಕನ್ನಡವನ್ನೂ ಮರಾಠಿಯನ್ನೂ ನೀರು ಕುಡಿದಂತೆ ಓದುತ್ತಿದ್ದರು, ಇಂಗ್ಲಿಷಿನ ಜೊತೆ ಅವರಿಗೆ ದೂರದ ನಮಸ್ಕಾರ ಮಾತ್ರ. ಹೀಗಾಗಿ ಸಂಜೆ ಐದೂವರೆಗೆ ವರದಿಯನ್ನು ಓದಿ ಕನ್ನಡದಲ್ಲಿ ಹೇಳುವ ಹೊಣೆ ನನ್ನ ಮೇಲೆ ಬಿತ್ತು. ಆರೋಪಿಯೇ ಆರೋಪಪಟ್ಟಿಯನ್ನು ಓದಿ, ಅರ್ಥ ಬಿಡಿಸಿ, ಕೊನೆಗೆ ಚಹಾ ಕುಡಿದು ಹೊರಡುವ ನ್ಯಾಯಾಲಯ ಲೋಕದಲ್ಲಿ ಬೇರೆಲ್ಲೂ ಇರಲಾರದು.

"ಚನ್ನಪ್ಪ, ಪದಬಂಧ, ಇಪ್ಪತ್ತು ನಿಮಿಷ," ಎಂದು ನನ್ನ ಹೆಸರನ್ನೇ ನಾನು ತಲೆ ತಗ್ಗಿಸಿ ಓದಿದೆ.

ಸಾವುಕಾರರು ಕನ್ನಡಕದ ಮೇಲಿಂದ ನೋಡಿದರು. "ಪೂರಾ ಆತೇನು?"

"ಒಂದು ಪದ ಬರ್ಲಿಲ್ರಿ. ನಾಲ್ಕಕ್ಷರ. ನದೀ ದಂಡಿ ಮ್ಯಾಲಿನ ಮರಳ ದಿಬ್ಬ."

"ಸೈಕತ ಅಂದ್ರ ಮೂರ ಆತು," ಎಂದು ಅವರು ಗಡ್ಡ ಕೆರೆದುಕೊಂಡರು. ಆ ಸಂಜೆ ಮಾಲಕ ಮತ್ತು ಗುಮಾಸ್ತ ಸೇರಿ ಇನ್ನೊಂದು ಇಪ್ಪತ್ತು ನಿಮಿಷವನ್ನು ಪದಬಂಧಕ್ಕೇ ವ್ಯಯಿಸಿದೆವು. ಅದು ಯಾವ ವರದಿಯಲ್ಲೂ ದಾಖಲಾಗಲಿಲ್ಲ.

ಬೀರಪ್ಪನ ಪರದೆಯಲ್ಲಿ ಟ್ರ್ಯಾಕ್ಟರುಗಳು. ಕೆಂಪು ಟ್ರ್ಯಾಕ್ಟರು, ನೀಲಿ ಟ್ರ್ಯಾಕ್ಟರು, ಹಿಂದಿನಿಂದ, ಮುಂದಿನಿಂದ. ಕನ್ಯೆ ನೋಡುವವರೂ ಅಷ್ಟು ಕೋನಗಳಿಂದ ನೋಡಲಾರರು. ನಾನು ಭಾಷಾಂತರಕಾರನ ಸ್ವಾತಂತ್ರ್ಯವನ್ನು ಬಳಸಿ, "ಸಾಗಾಣಿಕೆ ವಾಹನಗಳ ಅಧ್ಯಯನ, ಮುಕ್ಕಾಲು ತಾಸು" ಎಂದು ಓದಿದೆ. ವರದಿಯಲ್ಲಿ ಪದೇ ಪದೇ ಬರುತ್ತಿದ್ದ 'ಐಡಲ್' ಎಂಬ ಶಬ್ದಕ್ಕೂ ನನ್ನ ಬಳಿ ಔಷಧವಿತ್ತು. ಸುಮ್ಮನಿರುವುದಕ್ಕೂ ವಿಗ್ರಹಕ್ಕೂ ಕಿವಿಗೆ ಒಂದೇ ಶಬ್ದ ಕೇಳಿಸುವ ಭಾಷೆ ಅದು. "ಕಸ್ತೂರಿ, ಮೂರ್ತಿಯಂತೆ ಧ್ಯಾನಸ್ಥಳಾಗಿದ್ದಳು, ಇಪ್ಪತ್ತೈದು ನಿಮಿಷ" ಎಂದು ಓದಿದರೆ ಸಾವುಕಾರರ ಕೋಪ ತಾನಾಗಿಯೇ ಭಕ್ತಿಗೆ ತಿರುಗುತ್ತಿತ್ತು. ದಡಿ ಬಿಡಿಸುವವಳು ಕೀಲಿ ಒತ್ತುವುದಕ್ಕಿಂತ ಸುಮ್ಮನೆ ನೋಡುತ್ತ ಕೂರುವುದೇ ಹೆಚ್ಚು ಎಂಬುದು ಆ ಕಣ್ಣಿಗೆ ಎಂದೂ ತಿಳಿಯಲಿಲ್ಲ.

ಇಷ್ಟರವರೆಗೆ ಇದು ನನಗೆ ಆಟವೇ ಆಗಿತ್ತು.

ಮೂರನೆಯ ವಾರದ ಗುರುವಾರ ಕಸ್ತೂರಿಯ ಪರದೆಯ ಚಿತ್ರವೊಂದನ್ನು ತೆರೆದಾಗ ಹಂಸ, ನವಿಲು, ಬಳ್ಳಿ ಯಾವುದೂ ಇರಲಿಲ್ಲ. ಮಿರಜಿನ ಕಣ್ಣಿನ ವೈದ್ಯರೊಬ್ಬರಿಗೆ ಅವಳು ಕಳಿಸುತ್ತಿದ್ದ ಪತ್ರ, ಅದರ ಜೊತೆ ತಪಾಸಣೆಯ ಕಾಗದ. ಮೊದಲ ಎರಡು ಸಾಲು ಕಣ್ಣಿಗೆ ತಾನಾಗಿ ಬಿದ್ದವು, ಅಲ್ಲಿಯವರೆಗಿನದು ಆಕಸ್ಮಿಕ. ಅದು ಖಾಸಗಿ ವಿಷಯವೆಂದು ತಿಳಿದ ಮೇಲೂ ನಾನು ಕೊನೆಯವರೆಗೆ ಓದಿದೆ, ಅಲ್ಲಿಂದಾಚೆಯದು ಅಪರಾಧ. ಕಣ್ಣೊಳಗಿನ ಒತ್ತಡ ಏರಿ, ನೋಟ ಬದಿಗಳಿಂದ ಒಳಕ್ಕೆ ಕಿರಿದಾಗುತ್ತ ಬರುವ ಕಾಯಿಲೆ. ಎಡಗಣ್ಣು ಹೆಚ್ಚು, ಬಲಗಣ್ಣು ಕಡಿಮೆ. ಎಡಗಣ್ಣಿಗೆ ಬೇಗ ಶಸ್ತ್ರಚಿಕಿತ್ಸೆ ಆಗಬೇಕು. ಊರ ಸೀರೆಗಳಿಗೆಲ್ಲ ಅಂಚು ಬಿಡಿಸುವವಳ ನೋಟದ ಅಂಚೇ ಸವೆಯುತ್ತಿತ್ತು. ಈ ನಡುವೆ ಅವಳ ಪರದೆಯ ಚಿತ್ರಗಳಲ್ಲಿ ಚೌಕಗಳು ಮೊದಲಿಗಿಂತ ದೊಡ್ಡದಾಗಿ ಕಾಣುತ್ತಿದ್ದುದೇಕೆಂದು ಆಗ ನನಗೆ ಹೊಳೆಯಿತು.

ಅವಳು ಕಚೇರಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ, ಕಣ್ಣು ಮಾಸುತ್ತಿರುವವಳ ಕೈಯಲ್ಲಿ ದಡಿ ಯಾರು ಕೊಡುತ್ತಾರೆ? ಮನೆಯಲ್ಲಿ ಕಂಪ್ಯೂಟರಿಲ್ಲ, ಕೈಯಲ್ಲಿದ್ದದ್ದು ಮಾತಾಡಲಿಕ್ಕಷ್ಟೇ ಬರುವ ಫೋನು. ಅದಕ್ಕೇ ಪ್ರತಿ ಗುರುವಾರ ಊಟದ ಹೊತ್ತಿನಲ್ಲಿ, ಎರಡು ಚಿತ್ರಗಳ ನಡುವೆ ಮುಗಿಸಬಹುದೆಂದು, ಕಚೇರಿಯಿಂದಲೇ ಕಳಿಸುತ್ತಿದ್ದಳು. ಆ ಸಂಜೆ ನಾನು ಆ ಚಿತ್ರವನ್ನು ದಾಟಿ ಮುಂದಿನದಕ್ಕೆ ಹೋದೆ. ಮುಂದಿನದು ಒಂದು ಟ್ರ್ಯಾಕ್ಟರು. ಎಂದೂ ಇಲ್ಲದ ಪ್ರೀತಿಯಿಂದ ಅದನ್ನು ವರ್ಣಿಸಿದೆ.

ಆದರೆ ತಿಂಗಳ ಕೊನೆಗೆ ಒಂದು ಒಟ್ಟು ಪಟ್ಟಿ ಬಂತು. ಯಾರು ಹೊರಗಿನವರಿಗೆ ಎಷ್ಟು ಕಡತ ಕಳಿಸಿದ್ದಾರೆಂಬುದು ಅದರಲ್ಲಿತ್ತು. ಅಂಕಿಗಳಿಗೆ ಅನುವಾದ ಬೇಕಿಲ್ಲವಲ್ಲ. ಸಾವುಕಾರರು ಬೆರಳಿಟ್ಟರು.

"ಇದು ಕಸ್ತೂರಿ ಹೆಸರ ಅಲ್ಲೇನು? ನಾಕ್ ಸಲ ಹೊರಗ ಕಳಿಸ್ಯಾಳ. ಏನ್ ಕಳಿಸ್ಯಾಳ?"

"ಅದು ಆಕಿ ಸ್ವಂತದ್ದು ಕಾಗದ್ರಿ. ಡಿಸೈನ್ ಅಲ್ಲ. ನಾ ನೋಡೀನಿ."

"ನೀವು ನೋಡೀರಿ, ನನಗ ಯಾಕ ಓದಿ ಹೇಳ್ಲಿಲ್ಲ?"

"ಸ್ವಂತದ್ದು ಅಂತ."

ಸಾವುಕಾರರ ಮುಖ ಕೆಂಪಾಯಿತು. "ಚನ್ನಪ್ಪ, ನೋಡೂದಕ್ಕಂತ ನಾ ಈ ಯಂತ್ರ ತಂದೇನಿ. ಅದರಾಗ ಏನು ನೋಡಬೇಕು, ಏನು ನೋಡಬಾರದು ಅಂತ ನೀವು ಹೇಳಾಕತ್ತೀರಿ. ನಾಳಿ ಸಂಜಿಗೆ ಎಲ್ಲಾ ಚಿತ್ರ ಒಂದೊಂದ ತಗದು ಪೂರಾ ಓದ್ರಿ. ಡಿಸೈನ್ ಆಕಿನ ಮಾರ್ಯಾಳಂದ್ರ ಆಕಿಗೆ ಇಲ್ಲಿ ಜಾಗ ಇಲ್ಲ."

ಮರುದಿನ ಬೆಳಿಗ್ಗೆ, ಬೀರಪ್ಪ ಲಾರಿಯ ಬಳಿ ಇದ್ದಾಗ, ನಾನು ಕಸ್ತೂರಿಯ ಮೇಜಿನ ಮುಂದೆ ಹೋಗಿ ನಿಂತೆ. ನಡೆದದ್ದನ್ನು ಹೇಳಿದೆ. ಅವಳ ಕೈ ಕೀಲಿಗಳ ಮೇಲೆಯೇ ನಿಂತುಹೋಯಿತು.

"ನೀವು ಓದಿದ್ರೇನ್ರಿ ಮಾಮಾರ?"

"ಮಿರಜ್ ಅನ್ನೂ ಹೆಸರಷ್ಟ ನೋಡೀನವ್ವ. ಮುಂದಿಂದು ಓದಿಲ್ಲ."

ಇಂಥ ಸುಳ್ಳನ್ನು ಹೇಳುವಾಗ ನನ್ನ ದನಿ ಯಾವತ್ತೂ ಒಂದು ಸ್ವರ ಏರುತ್ತದೆಂದು ನನ್ನ ಹೆಂಡತಿ ಹೇಳುತ್ತಾಳೆ. ಕಸ್ತೂರಿ ಕಿಟಕಿಯ ಕಡೆ ನೋಡಿ ತನ್ನ ತವರಿನ ಮಾತು ತೆಗೆದಳು. ಬೀಳಗಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಊರು ಅವಳದು. ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಊರನ್ನೇ ಎತ್ತರಕ್ಕೆ ಸರಿಸಿದ್ದರು.

"ಆವಾಗ ನಾ ಸಾಲಿಗೆ ಹೋಗ್ತಿದ್ದೆ. ಮನಿ ಅಳಿಯಾಕ ಮಂದಿ ಬಂದಿದ್ರು. ಬಾಗಲ ಎಷ್ಟು, ಕಿಟಕಿ ಎಷ್ಟು, ಹಿತ್ತಲದಾಗ ಗಿಡ ಎಷ್ಟು, ಎಲ್ಲಾ ಬರಕೊಂಡ್ರು. ಅದು ಬೇಕಿತ್ತ್ರಿ, ಬರೀಲಿಲ್ಲಂದ್ರ ಮನಿ ಹ್ಯಾಂಗ ಕೊಡ್ತಾರ? ನಮ್ಮವ್ವ ಎಲ್ಲಾ ತಾನ ಮುಂದ ನಿಂತು ತೋರ್ಸಿದ್ಲು. ಆಮ್ಯಾಲೆ ಒಬ್ಬಾಂವ ಮೂಲ್ಯಾಗಿಂದು ಆಕಿ ಟ್ರಂಕ್ ತಗದು ನೋಡಾಕ ಹೋದ. ಅವ್ವ ಅದರ ಮ್ಯಾಲೆ ಕುಂತಬಿಟ್ಲು. 'ಮನಿ ಅಳೀರಿ, ಟ್ರಂಕ್ ಮುಳಗೂದಿಲ್ಲ, ನಾ ಹೊತ್ಕೊಂಡ ಹೋಗ್ತೇನಿ' ಅಂದ್ಲು. ಅಂವ ನಕ್ಕು ಹೊರಗ ಹೋದ."

"ಟ್ರಂಕಿನ್ಯಾಗ ಏನಿತ್ತು?" ಎಂದು ನಾನು ಕೇಳಿಯೇಬಿಟ್ಟೆ. ಕುತೂಹಲವೆಂಬುದು ನನಗೆ ಹುಟ್ಟಿನಿಂದ ಬಂದ ರೋಗ.

ಅವಳು ನನ್ನನ್ನೊಮ್ಮೆ ನೋಡಿದಳು. "ನನಗೂ ಗೊತ್ತಿಲ್ರಿ," ಎಂದು ಕೆಲಸಕ್ಕೆ ತಿರುಗಿದಳು.

ಆ ದಿನ ನನ್ನ ಕೈಯಲ್ಲಿ ಒಂದು ಪತ್ರವೂ ನೆಟ್ಟಗೆ ಹೊರಡಲಿಲ್ಲ. ಕೊಲ್ಹಾಪುರದ ಅಂಗಡಿಗೆ ಬರೆದದ್ದರಲ್ಲಿ 'ತಮ್ಮ ಆರೋಗ್ಯ ಕಾಪಾಡಿಕೊಳ್ಳಿ' ಎಂದು ಸೇರಿಸಿ, ಅಳಿಸಿ, ಮತ್ತೆ ಸೇರಿಸಿದೆ. ಸಂಜೆ ಓದಲೇಬೇಕು. ಓದಿದರೆ ಅವಳ ಕೆಲಸ ಹೋಗಬಹುದು. ಓದದಿದ್ದರೆ ಕಳ್ಳಿಯೆಂದು ಹೋಗುವುದು ಖಂಡಿತ. ಬೇರೆ ಏನನ್ನಾದರೂ ಕಲ್ಪಿಸಿ ಓದೋಣವೆಂದರೆ, ನನ್ನ ಕಲ್ಪನಾಶಕ್ತಿಯೆಲ್ಲ ಬೀರಪ್ಪನ ಟ್ರ್ಯಾಕ್ಟರುಗಳಿಗೇ ಮುಗಿದುಹೋಗಿತ್ತು.

ಐದೂವರೆ ಆಯಿತು. ಸಾವುಕಾರರು ಕುರ್ಚಿಯನ್ನು ಪರದೆಯ ಹತ್ತಿರಕ್ಕೇ ಎಳೆದುಕೊಂಡಿದ್ದರು. ಹಳೆಯ ಚಿತ್ರಗಳಿಗೆ ಹೋಗುವ ಮೊದಲು, ಹೊತ್ತು ಕಳೆಯಲೆಂದು, ನಾನು ಆ ದಿನದ ಚಿತ್ರಗಳಿಂದ ಶುರುಮಾಡಿದೆ. ಕಸ್ತೂರಿಯ ಮಧ್ಯಾಹ್ನದ ಚಿತ್ರ ತೆರೆದರೆ ಪರದೆಯ ತುಂಬ, ಗೋಡೆಯ ಮೇಲೆ ಬರೆವಷ್ಟು ದಪ್ಪ ಅಕ್ಷರಗಳಲ್ಲಿ, ಕನ್ನಡ. ನಾನು ಓದಲು ಬಾಯಿ ತೆರೆದೆ.

"ಸುಮ್ನಿರ್ರಿ," ಎಂದರು ಸಾವುಕಾರರು. "ಇದು ನನಗ ಓದಾಕ ಬರತೈತಿ."

ಕನ್ನಡಕ ಏರಿಸಿ, ಒಂದೊಂದೇ ಪದವನ್ನು ಗಟ್ಟಿಯಾಗಿ ಓದಿದರು.

"ಸಾವುಕಾರರಿಗೆ ಕಸ್ತೂರಿಯ ನಮಸ್ಕಾರ. ಹತ್ತು ನಿಮಿಷಕ್ಕೊಮ್ಮೆ ನೀವು ನೋಡುತ್ತೀರೆಂದು ಇಲ್ಲಿಯೇ ಬರೆದಿದ್ದೇನೆ. ಮಿರಜಿಗೆ ನಾನು ಕಳಿಸಿದ್ದು ನಿಮ್ಮ ಡಿಸೈನ್ ಅಲ್ಲ. ನನ್ನ ಸ್ವಂತ ಕಾಗದ."

ಪುಟ ಮುಗಿದಿತ್ತು. ಮುಂದಿನ ಚಿತ್ರ ಹತ್ತು ನಿಮಿಷದ ನಂತರದ್ದು. ಅಲ್ಲಿಯವರೆಗೆ ಅವಳು ಬರೆದು ಕಾದಿದ್ದಳು.

"ಅದರಲ್ಲಿ ಏನಿದೆಯೆಂದು ಹೇಳುವುದಿಲ್ಲ. ಕಂಪ್ಯೂಟರ್ ನಿಮ್ಮದು. ಅದರಿಂದ ಕಳಿಸಿದ್ದು ನನ್ನ ತಪ್ಪು. ಇನ್ನು ಕಳಿಸುವುದಿಲ್ಲ."

ಮೂರನೆಯದನ್ನು ನಾನು ತೆರೆಯುವ ಮುನ್ನ ಸಾವುಕಾರರು ತಾವೇ ಕೈ ಹಾಕಿ ತೆರೆದರು.

"ಎಂಟು ವರ್ಷದಲ್ಲಿ ನಾನು ಬಿಡಿಸಿದ ದಡಿಗಳೆಲ್ಲ ನಿಮ್ಮ ಹತ್ತಿರ ಇವೆ. ಅವುಗಳಲ್ಲಿ ಮೋಸ ಕಂಡರೆ ನಾಳೆಯಿಂದ ಬರಬೇಡ ಅನ್ನಿ, ಬರುವುದಿಲ್ಲ. ಕಾಣದಿದ್ದರೆ ನನ್ನ ಕಾಗದ ಓದಬೇಡಿ."

ಸಾವುಕಾರರು ಕನ್ನಡಕ ತೆಗೆದು ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು. ಅಷ್ಟರಲ್ಲಿ ಅವರ ಹೆಂಡತಿ ಗೌರಕ್ಕ ಚಹಾ ಹಿಡಿದು ಮೆಟ್ಟಿಲಿಳಿದು ಬಂದು ಬಾಗಿಲಲ್ಲೇ ನಿಂತಿದ್ದರು. ಕೊನೆಯ ಪುಟ ಅವರ ಕಿವಿಗೂ ಬಿದ್ದಿತ್ತು.

"ಯಾವ ಡಿಸೈನ್ ಹೋತಂತ ಆಕಿಗೆ ಹಿಂಗ ಕಾಡಾಕತ್ತೀರಿ?"

"ಹಂಸದ್ದು," ಎಂದರು ಸಾವುಕಾರರು. "ಮುಧೋಳದಾಂವ ಹೊಡಕೊಂಡ ಹೋದನಲ್ಲ, ಅದು."

"ಅಯ್ಯ, ಹಂಸದ್ದು ನಾನ ಉಟ್ಕೊಂಡಿದ್ದೆನಲ್ರೀ!" ಗೌರಕ್ಕ ಚಹಾ ಕೆಳಗಿಟ್ಟರು. "ಮಗ್ಗದಿಂದ ಇಳಿದ ಮೊದಲ್ನೇ ಸೀರಿ ನನಗ ಕೊಡ್ತೀರಿ. ಉಟ್ಕೊಂಡು ಜಮಖಂಡಿ ಮದುವಿಗೆ ಹೋಗಿದ್ದೆ. ಆ ಮುಧೋಳದಾಂವನ ಹೆಂಡ್ತಿ ಊಟಕ್ಕ ನನ್ನ ಬಾಜೂನ ಕುಂತಿದ್ಲು. ಹೋಳಿಗಿ ಬಿಟ್ಟು ನನ್ನ ದಡೀನ ನೋಡಾಕತ್ತಿದ್ಲು. ಕಡೀಕ ಫೋನಿನ್ಯಾಗ ಫೋಟೋ ತಗೋತೇನಂದ್ಲು. ಛಲೋ ಬರ್ಲಿ ಅಂತ ನಾನ ಹಿಂಗ ಅಗಲ ಮಾಡಿ ಹಿಡ್ದೆ."

ಸಾವುಕಾರರು ಕನ್ನಡಕವನ್ನು ಮತ್ತೆ ಏರಿಸಿ ಹೆಂಡತಿಯನ್ನು ನೋಡಿದರು. "ಮತ್ತ ಇಷ್ಟ ದಿನ ಹೇಳಬಾರದೇನ?"

"ನನ್ನ ಎಲ್ಲಿ ಕೇಳಿದ್ರಿ? ಕಂಪ್ಯೂಟರ್ ಕೇಳಿದ್ರಿ."

ನಾನು ನಗಬಾರದೆಂದು ಚಹಾದ ಲೋಟದೊಳಗೆ ಮುಖ ಇಟ್ಟೆ. ಸೀರೆಯೆಂಬುದು ನೋಡಲೆಂದೇ ನೇಯುವ ವಸ್ತು. ಅದನ್ನು ಯಾರೂ ನೋಡಬಾರದೆಂದು ಮೂರು ಜನರನ್ನು ನೋಡುತ್ತ ಕುಳಿತಿದ್ದೆವು.

ಸಾವುಕಾರರು ಕೆಟ್ಟವರಲ್ಲ. ಮರುದಿನ ಬೆಳಿಗ್ಗೆ ನಮ್ಮೆದುರೇ ಕಸ್ತೂರಿಯ ಮೇಜಿನ ಬಳಿ ಬಂದು ನಿಂತರು. "ನಿನ್ನ ಪತ್ರ ಓದಿದ್ನವ್ವ. ನಿನ್ನ ಕಾಗದ ಓದಿಲ್ಲ. ಓದೂದೂ ಇಲ್ಲ," ಎಂದರು. ಹೊರಡಲು ತಿರುಗಿದವರು ಮತ್ತೆ ನಿಂತು, "ಆರಾಮ ಅದೀಯಲ್ಲ?" ಎಂದು ಕೇಳಿದರು.

"ಆಗ್ತೇನ್ರಿ," ಎಂದಳು ಕಸ್ತೂರಿ.

ಯಂತ್ರವನ್ನು ಅವರು ತೆಗೆಸಲಿಲ್ಲ. ಒಮ್ಮೆ ತಂದದ್ದನ್ನು ತೆಗೆಸುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಆದರೆ ಹುಬ್ಬಳ್ಳಿಯ ಮೀಸೆಯ ಗೃಹಸ್ಥ ಮತ್ತೊಮ್ಮೆ ಬಂದ. ವಿನ್ಯಾಸದ ಕಡತಗಳು ಹೊರಹೋದರೆ ಮಾತ್ರ ತಿಳಿಸಬೇಕು, ಪರದೆಯ ಚಿತ್ರ ಬೇಡ, ಊಟದ ತಾಸಿನಲ್ಲಿ ಪೂರಾ ಕಣ್ಣು ಮುಚ್ಚಬೇಕು ಎಂದು ಕಸ್ತೂರಿಯೇ ಅವನ ಪಕ್ಕ ನಿಂತು ಒಂದೊಂದಾಗಿ ಹೇಳಿ ಮಾಡಿಸಿದಳು. ಕಚೇರಿಯ ಯಂತ್ರದಲ್ಲಿ ಸ್ವಂತದ್ದನ್ನು ಬರೆಯಬಾರದೆಂದು ನಾನು ಊರಿಗೆಲ್ಲ ಉಪದೇಶ ಮಾಡಲು ಶುರುಮಾಡಿದ್ದೂ ಆಗಲೇ. ಮುಂದಿನ ತಿಂಗಳು ಅವಳು ಅಂತರ್ಜಾಲವಿರುವ ಫೋನು ಕೊಂಡಳು. ಬೀರಪ್ಪ ಅದರಲ್ಲಿ ಟ್ರ್ಯಾಕ್ಟರು ಎಷ್ಟು ಚಂದ ಕಾಣುತ್ತದೆಂದು ಪರೀಕ್ಷಿಸಿಕೊಟ್ಟ.

ನನ್ನ ಓದುವ ಹುದ್ದೆ ಹೋಯಿತು. ಓದಿದ್ದು ಮಾತ್ರ ಹೋಗಲಿಲ್ಲ. ಕದ್ದು ತಿಳಿದದ್ದರ ಕಷ್ಟವೆಂದರೆ ಅದನ್ನು ವಿಚಾರಿಸುವ ಹಕ್ಕೂ ನಮಗಿರುವುದಿಲ್ಲ. 'ಹೇಗಿದೆ ಕಣ್ಣು?' ಎಂಬ ಎರಡು ಶಬ್ದ ದಿನಕ್ಕೆ ಹತ್ತು ಸಲ ನಾಲಿಗೆಯ ತುದಿಗೆ ಬಂದು ವಾಪಸು ಹೋಗುತ್ತಿದ್ದವು. ಬೇಸಿಗೆಯಲ್ಲಿ ಅವಳು ಇಪ್ಪತ್ತು ದಿನ ರಜೆ ಹಾಕಿದಳು. ಕಾರಣವನ್ನು ಯಾರಿಗೂ ಹೇಳಲಿಲ್ಲ.

"ಎಲ್ಲಿ ಹೋಗ್ಯಾಳ್ರಿ?" ಎಂದು ಬೀರಪ್ಪ ಕೇಳಿದ. "ನಮ್ಮ ಬೀರೇಶ್ವರಗ ಒಂದು ಕಾಯಿ ಒಡಸಾಕ ಹೇಳ್ಯಾಳ. ಯಾತಕ್ಕಂದ್ರ ನಕ್ಕಳು."

"ಗೊತ್ತಿಲ್ಲಪಾ. ನೀ ಕಾಯಿ ಒಡಸು," ಎಂದೆ.

ಅವಳು ಹಿಂತಿರುಗಿದ ದಿನ ಕಪ್ಪು ಕನ್ನಡಕ ಹಾಕಿದ್ದಳು. ಕಾಯಿ ಒಡೆಸಿದ್ದಕ್ಕೆ ಬೀರಪ್ಪನಿಗೆ ಪೇಢೆ ಕೊಟ್ಟು, ಒಂದು ಸ್ಟೂಲು ಎಳೆದುಕೊಂಡು ನನ್ನ ಮೇಜಿನ ಮುಂದೆ ಕುಳಿತಳು.

"ಮಾಮಾರ, ನಿಮಗೊಂದು ಮಾತು ಹೇಳಬೇಕಿತ್ತು. ನನ್ನ ಕಣ್ಣಿಂದು."

"ಕಸ್ತೂರಿ, ಅವತ್ತ ನಾ ನಿನಗ ಸುಳ್ಳ ಹೇಳಿದ್ದೆ. ನಾ ಪೂರಾ ಓದಿದ್ದೆ. ನನಗ ಎಲ್ಲಾ ಗೊತ್ತಿತ್ತು."

"ನಿಮಗ ಗೊತ್ತಿದ್ದದ್ದು ನನಗೂ ಗೊತ್ತಿತ್ರಿ," ಎಂದಳು ಅವಳು, ಕೋಪವಿಲ್ಲದೆ. "ಬೀರಪ್ಪ ಬಾಜೂದಿಂದ ಬಂದು ಮಾತಾಡ್ಸಿದ್ರ ನಾ ಬೆಚ್ಚಿ ಬೀಳ್ತಿದ್ದೆ. ನೀವು ಅವತ್ತಿನಿಂದ ಮೇಜ ಸುತ್ತಹಾಕಿ, ಮುಂದ ಬಂದು ನಿಂತು ಮಾತಾಡಸ್ತಿದ್ರಿ. ಸುಮ್ನ ಯಾರ ಹಂಗ ಮಾಡ್ತಾರ?"

ನಾನು ಕುರ್ಚಿಯನ್ನು ಅವಳ ಸ್ಟೂಲಿನ ಹತ್ತಿರಕ್ಕೆ ಎಳೆದುಕೊಂಡೆ.

"ಆದ್ರ ನಾ ಇನ್ನೂ ಹೇಳಿದ್ದಿಲ್ಲಲ್ಲ. ಈಗ ಹೇಳ್ತೇನಿ, ಕೇಳ್ರಿ."

ಹೇಳಿದಳು. ರಬಕವಿಯ ರಸ್ತೆಯಲ್ಲಿ ಬದಿಯಿಂದ ಬಂದ ಸೈಕಲ್ಲು ಕಾಣದೆ ಬಿದ್ದ ದಿನದಿಂದ ಶುರುಮಾಡಿದಳು. ಗಂಡ ಮಗ್ಗದ ಮುಂದೆ ಕುಳಿತು, ಒಂದು ಕಣ್ಣು ಮುಚ್ಚಿಕೊಂಡು, ಅವಳಿಗೆ ಎಷ್ಟು ಕಾಣುತ್ತಿರಬಹುದೆಂದು ತಾನೂ ನೋಡಿದ್ದನ್ನು ಹೇಳಿದಳು. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಮಿರಜಿನ ಬಸ್ ನಿಲ್ದಾಣದಲ್ಲಿ ಯಾರೋ ಹೆಂಗಸು ಉಟ್ಟಿದ್ದ ಸೀರೆಯಲ್ಲಿ ತನ್ನದೇ ಹಂಸವನ್ನು ಕಂಡು, ಅದು ನಮ್ಮದೋ ಮುಧೋಳದ್ದೋ ಎಂದು ಅವಳ ಬೆನ್ನು ಹತ್ತಿ ಹೋದದ್ದನ್ನು ಹೇಳಿ ತಾನೇ ನಕ್ಕಳು. ಹೋದ ನೋಟ ಮರಳದು, ಆದರೆ ಇದ್ದದ್ದು ಉಳಿಯುತ್ತದೆಂದು ವೈದ್ಯರು ಹೇಳಿದ್ದರು. ನಾನು ಪೂರಾ ಓದಿದ್ದೆನೆಂದು ನಂಬಿದ್ದ ಆ ಕಾಗದದಲ್ಲಿ ಇವು ಯಾವುವೂ ಇರಲಿಲ್ಲ.

"ಸಾವುಕಾರರಿಗೆ?" ಎಂದು ಮೆಲ್ಲನೆ ಕೇಳಿದೆ.

"ಅವರಿಗೂ ಹೇಳ್ತೇನ್ರಿ. ನಾನ ಹೇಳ್ತೇನಿ."

ಸೆರಗು ಸರಿಪಡಿಸಿಕೊಂಡು ಅವಳು ಅವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಮಗ್ಗಗಳ ಸದ್ದಿನಲ್ಲಿ ಕೇಳಿಸುವಂತೆಯೂ ಇರಲಿಲ್ಲ, ನಾನು ಕಿವಿಗೊಡಲೂ ಇಲ್ಲ. ಮರುದಿನ ನಾನು ಬರುವ ಹೊತ್ತಿಗೆ ಕಸ್ತೂರಿಯ ಮೇಜು ಗೋಡೆಯಿಂದ ಕಿಟಕಿಯ ಬೆಳಕಿನ ಕಡೆಗೆ ಹೊರಟಿತ್ತು. ಒಂದು ಕಡೆ ಬೀರಪ್ಪ ಹಿಡಿದಿದ್ದ, ಇನ್ನೊಂದು ಕಡೆ, ಧೋತರದ ಚುಂಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಲ್ಲಪ್ಪ ಸಾವುಕಾರರು.

"ನೋಡಕೋತ ಏನ್ ನಿಂತೀರಿ ಚನ್ನಪ್ಪ?" ಎಂದು ಏದುಸಿರು ಬಿಡುತ್ತ ಗದರಿದರು. "ಕೈ ಹಚ್ರಿ."

ಹಚ್ಚಿದೆ.